ಕೆಂಚಿಗೆ ಯಾಕೆ ಮರಿ ಹಾಕಿಸಲಿಲ್ಲ

ಪಾಂಡವಪುರದ ಹತ್ತಿರ ನಮ್ಮದೊಂದು ಆಲೆಮನೆ ಇದೆ. ಕೆಂಚಿ ಅಲ್ಲಿಗೆ ಬಂದಾಗ 45 ದಿನದ ನಾಯಿಮರಿ. ಮುಧೋಳ ತಳಿ, ಕೆಂಚು ಬಣ್ಣ, ಅದಕ್ಕೇ ಆ ಹೆಸರು. ಗಾಣದ ಸದ್ದು, ಒಲೆಯ ಹೊಗೆ, ಕಬ್ಬಿನ ಟ್ರ್ಯಾಕ್ಟರು, ಕೆಲಸದವರ ಮಕ್ಕಳು, ಇವುಗಳ ಮಧ್ಯೆಯೇ ಬೆಳೆದಳು.

ಮುಧೋಳ ನಾಯಿ ಸಾಕಿದವರಿಗೆ ಗೊತ್ತಿರುತ್ತೆ, ಅವು ಹೊಸಬರನ್ನು ಸುಲಭಕ್ಕೆ ಹತ್ತಿರ ಸೇರಿಸೋದಿಲ್ಲ. ಮೈ ಮುಟ್ಟಿಸಿಕೊಳ್ಳೋದೂ ಅಷ್ಟಕ್ಕಷ್ಟೇ. ಕೆಂಚಿ ಹಾಗಲ್ಲ. ಒಂದು ದಿನ ಬೆಲ್ಲ ಅಚ್ಚು ಹಾಕುವ ಹೆಂಗಸಿನ ಮಗು ಅವಳ ಕಿವಿ ಹಿಡಿದುಕೊಂಡು ಎದ್ದು ನಿಂತಿತು. ಇನ್ನೂ ನಡೆಯೋಕೆ ಬಾರದ ಮಗು. ಕೆಂಚಿ ಅಲುಗಾಡಲಿಲ್ಲ. ಮಗು ಕೈ ಬಿಟ್ಟು ಕೂತ ಮೇಲೇ ಮೈ ಕೊಡವಿಕೊಂಡು ಆಚೆ ಹೋದಳು.

ಇದನ್ನು ನೋಡಿದವರೆಲ್ಲ ಮರಿ ಕೇಳೋರೇ. 2005ರಲ್ಲಿ ಮುಧೋಳ ನಾಯಿಯ ಅಂಚೆ ಚೀಟಿ ಬಂತು, ಆಮೇಲೆ ಸೇನೆಗೂ ಮರಿಗಳು ಹೋದವು. ಈಗ ನಮ್ಮ ಕಡೆಯೂ ಈ ತಳಿ ಬೇಕು ಅನ್ನೋರು ಜಾಸ್ತಿ. ಪಕ್ಕದ ಗದ್ದೆಯವರಂತೂ ಸಿಕ್ಕಾಗಲೆಲ್ಲ, "ಒಂದ್ ಸೂಲಾದ್ರೂ ಮರಿ ಹಾಕ್ಸಣ್ಣ, ನಂಗೊಂದು ಹೆಣ್ಣು ಮರಿ ಬೇಕು ಕನ" ಅನ್ನುತ್ತಿದ್ದರು. ನನಗೂ ಆಸೆ ಇತ್ತು.

ಆದರೆ ಐಬುಗಳಿದ್ದವು. ಕೆಳದವಡೆ ಮೇಲಿನದಕ್ಕಿಂತ ಸ್ವಲ್ಪ ಮುಂದಿದೆ, ಹಲ್ಲು ಸರಿಯಾಗಿ ಕೂರೋದಿಲ್ಲ. ಇದನ್ನು ನಾನು ತಲೆಗೆ ಹಚ್ಚಿಕೊಳ್ಳಲಿಲ್ಲ. ಮುದ್ದೆ ತಿನ್ನುತ್ತಾಳೆ, ಮೂಳೆ ಕಡಿಯುತ್ತಾಳೆ. ಪ್ರದರ್ಶನದಲ್ಲಿ ನಂಬರ್ ಹೋಗಬಹುದು ಅಷ್ಟೇ. ನನ್ನ ಚಿಂತೆ ಇದ್ದದ್ದು ಹಿಂಗಾಲಿನ ಬಗ್ಗೆ.

ಬೇಬಿ ಬೆಟ್ಟದ ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಅಪ್ಪ ಸುಳಿ, ಹಲ್ಲು ಎಲ್ಲ ನೋಡಿ, ಕೊನೆಗೆ "ನಡೆಸು" ಅಂತ ಹೇಳಿ ಹಿಂದೆ ನಿಲ್ಲುತ್ತಿದ್ದರು. ಹಿಂದಿನಿಂದ ನೋಡಿದರೆ ಕಾಲು ಸುಳ್ಳು ಹೇಳೋದಿಲ್ಲ ಅನ್ನೋದು ಅವರ ಮಾತು. ನಾನೂ ಮಗನ ಕೈಗೆ ಹಗ್ಗ ಕೊಟ್ಟು, ಕೆಂಚಿಯನ್ನು ಟಾರ್ ರಸ್ತೆಯಲ್ಲಿ ನಡೆಸಿ ಹಿಂದೆ ನಿಂತೆ. ಹಿಂಗಾಲಿನ ಗಿಣ್ಣುಗಳು ಒಳಕ್ಕೆ ತಿರುಗಿ ಒಂದಕ್ಕೊಂದು ಹತ್ತಿರ ಬರುತ್ತಿದ್ದವು, ಪಾದ ಹೊರಕ್ಕೆ. ಓಡಿಸಿದಾಗ ಇನ್ನೊಂದು ಕಂಡಿತು. ಎಡಗಾಲನ್ನು ಮೇಲೆತ್ತಿ ಎರಡು ಮೂರು ಹೆಜ್ಜೆ ಕುಪ್ಪಳಿಸುತ್ತಾಳೆ, ಆಮೇಲೆ ಏನೂ ಆಗದವಳ ಹಾಗೆ ನಾಲ್ಕೂ ಕಾಲಲ್ಲಿ ಓಡುತ್ತಾಳೆ. ನಾಲೆ ಏರಿ ಮೇಲೆ ಎಷ್ಟೋ ಸಲ ನೋಡಿದ್ದೆ. ಆಟ ಅಂದುಕೊಂಡಿದ್ದೆ.

ಮೈಸೂರಿಗೆ ಕರೆದುಕೊಂಡು ಹೋದೆ. ಡಾಕ್ಟರು ಕಾಲನ್ನು ನೀಡಿಸಿ, ಮಂಡಿ ಚಿಪ್ಪಿನ ಮೇಲೆ ಹೆಬ್ಬೆರಳು ಇಟ್ಟು ಮೆಲ್ಲಗೆ ಒತ್ತಿದರು. ಚಿಪ್ಪು ಪಕ್ಕಕ್ಕೆ ಜಾರಿತು. ಕೈಯಿಂದ ತಳ್ಳಿ ಕೂರಿಸಿದರೆ ಮತ್ತೆ ಒಳಗೆ. ನನ್ನ ಬೆರಳನ್ನೂ ಅಲ್ಲೇ ಇಡಿಸಿದರು. ಚರ್ಮದ ಕೆಳಗೆ ಹುಣಸೆ ಬೀಜ ಜಾರಿದ ಹಾಗೆ ತಿಳಿಯಿತು. ತೊಡೆ ಮೂಳೆಯ ತುದಿಯ ತೋಡಿನಲ್ಲಿ ಚಿಪ್ಪು ಕೂರಬೇಕು, ಕಾಲಿನ ನೇರ ತಪ್ಪಿದರೆ ಹೀಗೆ ಹೊರಗೆ ಎಳೆಯುತ್ತೆ ಅಂತ ವಿವರಿಸಿದರು. ಇದನ್ನು ಒಂದರಿಂದ ನಾಲ್ಕರವರೆಗೆ ಅಳೆಯುತ್ತಾರೆ. ಕೆಂಚಿಯದು ಎರಡು.

"ಕಾಲು ಗಟ್ಟಿ ಇರೋ ಗಂಡಿಗೆ ಕೊಟ್ಟರೆ ಸರಿ ಹೋಗಲ್ವಾ ಸಾರ್?" ಅಂತ ಕೇಳಿದೆ. ಇದು ಒಂದೇ ಜೀನಿನಿಂದ ಬರೋದಲ್ಲ, ಹಲವು ಸೇರಿ ಬರುತ್ತೆ, ಮರಿಗಳು ನೋಡೋಕೆ ಚೆನ್ನಾಗಿದ್ದರೂ ಮುಂದಿನ ತಲೆಮಾರಿಗೆ ದಾಟಿಸಬಹುದು ಅಂದರು. "ಅವಳ ಒಡಹುಟ್ಟಿದವನ್ನು ನೋಡಿದ್ದೀರಾ?" ಅಂತಲೂ ಕೇಳಿದರು. ನೋಡಿರಲಿಲ್ಲ.

ಹುಡುಕಿಕೊಂಡು ಹೊರಟೆ. ಮದ್ದೂರಿನ ಹತ್ತಿರ ತಾಯಿ ಇತ್ತು. ನಾನು ಕೈ ಚಾಚಿದ ಕೂಡಲೇ ಮಂಚದ ಕೆಳಗೆ ಸೇರಿ ಗುರ್ ಅಂದಿತು. ಕೆಂಚಿಯ ಅಣ್ಣ ಮೈಸೂರಲ್ಲಿ, ತಾರಸಿಯಲ್ಲಿ ಕಟ್ಟಿಹಾಕಿದ್ದರು, ಸ್ಕೂಟರ್ ಹಾರ್ನ್ ಕೇಳಿದರೂ ಮುದುಡಿಕೊಳ್ಳುತ್ತಿತ್ತು. ಅದಕ್ಕೂ ಅದೇ ದವಡೆ. ಮಳವಳ್ಳಿ ಕಡೆ ತೋಟದಲ್ಲಿದ್ದ ಅಕ್ಕ ಆಗಲೇ ಎಡಗಾಲು ಊರದೆ ಕುಂಟುತ್ತಿತ್ತು.

ವಾಪಸ್ ಬರುವಾಗ ಬಸ್ಸಿನಲ್ಲಿ ಅದೇ ಯೋಚನೆ. ಕಾಲಿನ ಐಬು, ದವಡೆಯ ಐಬು ಮನೆತನದಲ್ಲೇ ಇದೆ. ಗುಣ ಮಾತ್ರ ಕೆಂಚಿ ಒಬ್ಬಳಲ್ಲಿ. ಗುಣವೂ ರಕ್ತದಲ್ಲಿ ಒಂದಷ್ಟು ಬರುತ್ತೆ, ನಿಜ. ಆದರೆ ಕೆಂಚಿಯ ಗುಣದಲ್ಲಿ ಹೆಚ್ಚಿನ ಪಾಲು ಆಲೆಮನೆಯದು ಅಂತ ನನಗೆ ಅನ್ನಿಸಿತು. ಮೂರನೇ ವಾರದಿಂದ ಮೂರು ತಿಂಗಳವರೆಗೆ ಮರಿ ಏನೇನು ನೋಡಿ ಅಭ್ಯಾಸ ಮಾಡಿಕೊಳ್ಳುತ್ತೋ ಅದು ಬಹುಮಟ್ಟಿಗೆ ಉಳಿಯುತ್ತೆ. ಆ ದಿನಗಳಲ್ಲಿ ಅವಳು ನೂರಾರು ಜನರ ಕೈಯಲ್ಲಿ ಓಡಾಡಿದ್ದಳು. ಮರಿ ಹಾಕಿಸಿದರೆ ಜನ ಕೇಳಿದ್ದನ್ನು ಕೊಡ್ತೀನೋ ಇಲ್ಲವೋ, ಕೇಳದೇ ಇದ್ದ ಮಂಡಿ ನೋವನ್ನಂತೂ ಕೊಟ್ಟುಬಿಡಬಹುದು. ಅದೂ ಓಡೋಕೆ ಅಂತಲೇ ಹುಟ್ಟಿದ ತಳಿಗೆ.

ಮುಂದಿನ ಸಲ ಬೆದೆಗೆ ಬಂದಾಗ ಮೂರು ವಾರ ಕೋಣೆಯಲ್ಲಿಟ್ಟು ಬಾಗಿಲು ಕಾಯ್ದೆವು. ಬೆದೆ ಇಳಿದು ಎರಡೂವರೆ ತಿಂಗಳಾದ ಮೇಲೆ ಆಪರೇಷನ್ ಮಾಡಿಸಿದೆ. ಗರ್ಭಕೋಶದಲ್ಲಿ ಕೀವು ತುಂಬುವ ಕಾಯಿಲೆಯ ಭಯವೂ ಅದರಿಂದ ತಪ್ಪಿತು. ಮೈ ಬಂದರೆ ಮಂಡಿಗೆ ಭಾರ ಅಂತ ಮುದ್ದೆ ಕಮ್ಮಿ ಮಾಡಿದ್ದೀನಿ.

ಪಕ್ಕದ ಗದ್ದೆಯವರು ಒಂದು ವಾರ ಮಾತಾಡಲಿಲ್ಲ. "ಇಂಥಾ ಗುಣದ ನಾಯಿ ವಂಶಾನೇ ನಿಲ್ಲಿಸ್ಬುಟ್ಯಲ್ಲಣ್ಣ" ಅಂದರು. ಅವರಿಗೆ ನೋವಾಗಿತ್ತು, ನನಗೂ ಆಗಿತ್ತು. ಆಮೇಲೆ ಇಬ್ಬರೂ ಹೋಗಿ, ಅಪ್ಪ ಅಮ್ಮ ಎರಡನ್ನೂ ಹಿಂದಿನಿಂದ ನಡೆಸಿ ನೋಡಿ, ಬೇರೆ ಕಡೆಯಿಂದ ಒಂದು ಮರಿ ತಂದೆವು. ಲಸಿಕೆ ಹಾಕಿಸಿದ ಮೇಲೆ ದಿನಾ ಬೆಳಿಗ್ಗೆ ಅದನ್ನು ಆಲೆಮನೆಗೆ ತಂದು ಬಿಡುತ್ತಾರೆ. ಮೊದಲೆರಡು ದಿನ ಗಾಣ ಶುರುವಾದರೆ ಸಾಕು, ಕೆಂಚಿಯ ಹೊಟ್ಟೆ ಕೆಳಗೆ ನುಗ್ಗುತ್ತಿತ್ತು. ಈಗ ಕಬ್ಬಿನ ಸಿಪ್ಪೆ ರಾಶಿ ಮೇಲೆ, ಗಾಣ ತಿರುಗುತ್ತಿರುವಾಗಲೇ, ಅವಳ ಪಕ್ಕ ಮಲಗಿ ನಿದ್ದೆ ಮಾಡುತ್ತೆ.