ವಿಂಡೋಸೋ, ಲಿನಕ್ಸೋ? ನಿಮ್ಮ ಕಂಪ್ಯೂಟರ್‌ನಲ್ಲೇ ನೋಡಿಬಿಡಿ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಬೇಕು, ಪ್ರೊಸೆಸರ್ ಕೂಡ ಕಂಪನಿಯ ಪಟ್ಟಿಯಲ್ಲಿರಬೇಕು. ಹಾಗಾಗಿ ಚೆನ್ನಾಗಿಯೇ ಇರುವ ಹಳೆ ಲ್ಯಾಪ್‌ಟಾಪ್ ಉಳ್ಳ ಹಲವರು ಈಗ ಲಿನಕ್ಸ್ ಕಡೆ, ಅಂದರೆ ವಿಂಡೋಸ್ ಬದಲು ಕಂಪ್ಯೂಟರ್ ನಡೆಸಬಲ್ಲ ಉಚಿತ ವ್ಯವಸ್ಥೆಯ ಕಡೆ, ನೋಡುತ್ತಿದ್ದಾರೆ. ಯಾವುದು ಮೇಲು ಎಂಬ ವಾದ ಬೇಡ, ಅದು ಮುಗಿಯುವುದಿಲ್ಲ. ನಿಮ್ಮ ಕೆಲಸಕ್ಕೆ ಯಾವುದು ಸಾಕು ಎಂದು ನೋಡುವುದು ಸುಲಭ.

1. ಮೊದಲು ಪಟ್ಟಿ ಮಾಡಿ. ನೀವು ದಿನಾ ಬಳಸುವ ಸಾಫ್ಟ್‌ವೇರ್‌ಗಳನ್ನು ಬರೆದುಕೊಳ್ಳಿ. ಫೈರ್‌ಫಾಕ್ಸ್, ಕ್ರೋಮ್, ವಿಎಲ್‌ಸಿ ಎರಡೂ ಕಡೆ ಸಿಗುತ್ತವೆ. ವರ್ಡ್, ಎಕ್ಸೆಲ್ ಬದಲು ಲಿಬ್ರೆಆಫೀಸ್ ಇದೆ. ಪತ್ರ, ಸಾದಾ ಲೆಕ್ಕಕ್ಕೆ ಅದು ಧಾರಾಳವಾಗಿ ಸಾಕು. ಆದರೆ ಮ್ಯಾಕ್ರೋ (ಕೆಲಸವನ್ನು ತಾನಾಗಿ ಮಾಡುವ ಪುಟ್ಟ ಪ್ರೋಗ್ರಾಂ) ತುಂಬಿದ ಎಕ್ಸೆಲ್ ಫೈಲುಗಳು ಅದರಲ್ಲಿ ಕೈಕೊಡುವುದುಂಟು. ಫೋಟೊಶಾಪ್‌ಗೆ ಲಿನಕ್ಸ್ ಆವೃತ್ತಿಯೇ ಇಲ್ಲ. ಫೋಟೊ ತಿದ್ದಲು ಉಚಿತವಾದ ಜಿಂಪ್ ಇದೆಯಲ್ಲ ಎನ್ನುವವರಿದ್ದಾರೆ. ಫೋಟೊಶಾಪ್‌ನಲ್ಲೇ ಹೊಟ್ಟೆಪಾಡು ನಡೆಸುವವರಿಗೆ ಆ ಮಾತು ಹೇಳಬೇಡಿ. ಸ್ಟೀಮ್‌ನ ಎಷ್ಟೋ ಗೇಮ್‌ಗಳು, ವಿಂಡೋಸ್ ಗೇಮ್‌ಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಪ್ರೋಟಾನ್ ಮೂಲಕ ನಡೆಯುತ್ತವೆ. ಆದರೆ ಮೋಸ ತಡೆಯುವ ಸಾಫ್ಟ್‌ವೇರ್ ಇರುವ ಕೆಲವು ಆನ್‌ಲೈನ್ ಗೇಮ್‌ಗಳು ನಡೆಯುವುದಿಲ್ಲ. ಪಟ್ಟಿಯಲ್ಲಿ ಇಂಥದ್ದೊಂದು ಇದ್ದು, ಅದಿಲ್ಲದೆ ಆಗದು ಎಂದಾದರೆ ವಿಂಡೋಸ್‌ನಲ್ಲೇ ಇರಿ.

2. ಪೆನ್‌ಡ್ರೈವ್ ಸಿದ್ಧಮಾಡಿ. ಲಿನಕ್ಸ್‌ನಲ್ಲಿ ಹಲವು ಬಗೆಗಳಿವೆ. ಅವುಗಳಲ್ಲೊಂದಾದ ಉಬುಂಟುವಿನ ಎಲ್‌ಟಿಎಸ್ (ದೀರ್ಘಕಾಲ ಬೆಂಬಲ ಸಿಗುವ) ಆವೃತ್ತಿ ಎರಡು ವರ್ಷಕ್ಕೊಮ್ಮೆ ಬರುತ್ತದೆ, ಐದು ವರ್ಷ ಅಪ್‌ಡೇಟ್ ಸಿಗುತ್ತದೆ. ವಿಂಡೋಸ್ ರೂಢಿಯಾದವರಿಗೆ ಮಾತ್ರ ನನ್ನ ಸಲಹೆ ಲಿನಕ್ಸ್ ಮಿಂಟ್. ಅದರ ಮೆನು ಹಳೆ ವಿಂಡೋಸ್ ಥರವೇ ಇದೆ. ಐಎಸ್‌ಒ ಫೈಲ್ (ಇಡೀ ಲಿನಕ್ಸ್ ಅಡಗಿರುವ ಒಂದೇ ಫೈಲ್) ಇಳಿಸಿಕೊಂಡು, ರೂಫಸ್ ಎಂಬ ಸಾಫ್ಟ್‌ವೇರ್ ಬಳಸಿ 8 ಜಿಬಿ ಪೆನ್‌ಡ್ರೈವ್‌ಗೆ ಬರೆಯಿರಿ. ಅದರಲ್ಲಿ ಮೊದಲಿದ್ದದ್ದೆಲ್ಲ ಅಳಿಸಿಹೋಗುತ್ತದೆ, ನೆನಪಿರಲಿ.

3. ಇನ್‌ಸ್ಟಾಲ್ ಮಾಡದೆಯೇ ಓಡಿಸಿ. ಕಂಪ್ಯೂಟರ್ ಆನ್ ಆಗುವಾಗ ಎಫ್12 ಅಥವಾ ಎಸ್ಕೇಪ್ ಒತ್ತಿ (ಕಂಪನಿಗೊಂದು ಕೀ ಇರುತ್ತದೆ), ಪೆನ್‌ಡ್ರೈವ್ ಆರಿಸಿ. ಹಾರ್ಡ್‌ಡಿಸ್ಕ್ ಮುಟ್ಟದೆ ಲಿನಕ್ಸ್ ತೆರೆಯುತ್ತದೆ. ಈಗ ವೈಫೈ, ಧ್ವನಿ, ಕ್ಯಾಮೆರಾ, ಬ್ಲೂಟೂತ್, ಪ್ರಿಂಟರ್ ಒಂದೊಂದಾಗಿ ನೋಡಿ. ಮುಚ್ಚಳ ಮುಚ್ಚಿ ತೆರೆದಾಗ ನಿದ್ದೆಯಿಂದ ಏಳುತ್ತದೆಯೇ ಎಂದೂ ನೋಡಿ. ಲಿನಕ್ಸ್ ತಂಟೆ ಮಾಡುವುದು ಜಾಸ್ತಿ ಇಂಥ ಕಡೆಯೇ. ಸ್ವಲ್ಪ ನಿಧಾನ ಅನಿಸಿದರೆ ಅದು ಪೆನ್‌ಡ್ರೈವ್‌ನ ನಿಧಾನ, ಅದಕ್ಕೆ ಅಂಕ ಕಳೆಯಬೇಡಿ.

4. ಹಿಡಿಸಿದರೆ ಎರಡನ್ನೂ ಇಟ್ಟುಕೊಳ್ಳಿ. ಮೊದಲು ಫೈಲುಗಳನ್ನೆಲ್ಲ ಬೇರೆ ಡಿಸ್ಕ್‌ಗೆ ಕಾಪಿ ಮಾಡಿ. ವಿಂಡೋಸ್‌ನಲ್ಲಿ ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ಸೌಲಭ್ಯ) ಆನ್ ಇದ್ದರೆ ಅದರ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಡಿ. ಬೂಟ್ (ಕಂಪ್ಯೂಟರ್ ಶುರುವಾಗುವ) ಸೆಟ್ಟಿಂಗ್ ಬದಲಾದರೆ ವಿಂಡೋಸ್ ಅದನ್ನು ಕೇಳಬಹುದು, ಕೊಡದಿದ್ದರೆ ಒಳಗೆ ಬಿಡದು. ವಿಂಡೋಸ್ ಬೇಗ ಶುರುವಾಗಲೆಂದು ಇರುವ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಇಲ್ಲವಾದರೆ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ಅದರ ಡ್ರೈವ್‌ಗೆ ಲಿನಕ್ಸ್‌ನಿಂದ ಫೈಲ್ ಹಾಕಲು ಆಗದೇ ಹೋಗಬಹುದು. ಆಮೇಲೆ ಇನ್‌ಸ್ಟಾಲರ್‌ನಲ್ಲಿ ‘ವಿಂಡೋಸ್ ಜೊತೆಗೆ’ ಎಂಬ ಆಯ್ಕೆ ಒತ್ತಿ. ‘ಡಿಸ್ಕ್ ಅಳಿಸಿ’ ಎಂಬುದು ಅದರ ಹತ್ತಿರವೇ ಇರುತ್ತದೆ, ಹುಷಾರು!

ವಿಂಡೋಸ್‌ಗೆ ಮರಳಿದಾಗ ಗಡಿಯಾರ ತಪ್ಪು ತೋರಿಸಿದರೆ ಗಾಬರಿಯಾಗಬೇಡಿ. ಕಂಪ್ಯೂಟರ್‌ನೊಳಗಿನ ಗಡಿಯಾರವನ್ನು ವಿಂಡೋಸ್ ಸ್ಥಳೀಯ ಸಮಯವೆಂದು ಓದುತ್ತದೆ, ಲಿನಕ್ಸ್ ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಎಂದು. ಲಿನಕ್ಸ್ ಟರ್ಮಿನಲ್‌ನಲ್ಲಿ (ಆದೇಶ ಟೈಪ್ ಮಾಡುವ ಕಿಟಕಿ) ಒಂದು ಸಾಲಿನ ಆದೇಶ ಕೊಟ್ಟರೆ ಇದು ಸರಿಹೋಗುತ್ತದೆ.