ಗಾಳಿಯ ಊರಿನಲ್ಲಿ ಅಲಂಕಾರಿಕ ಹುಲ್ಲು: ಬೀಜದಿಂದ ಬೆಳೆಸುವ ಕ್ರಮ

ಚಿತ್ರದುರ್ಗದ ಸುತ್ತಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ತಿರುಗಿಸುವ ಗಾಳಿಯೇ ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮ ಅಂಗಳದ ಬಿತ್ತನೆ ತಟ್ಟೆಯ ಮೇಲ್ಪದರವನ್ನು ನೋಡನೋಡುತ್ತಿದ್ದಂತೆ ಒಣಗಿಸಿಬಿಡುತ್ತದೆ. ಹುಲ್ಲಿನ ಬೀಜ ಮೊಳೆಯಬೇಕಾದದ್ದು ಆ ಮೇಲ್ಪದರದಲ್ಲೇ. ಮೋಡ ಕವಿದ ದಿನವೂ ತಟ್ಟೆ ಒಣಗುತ್ತದೆ ಎಂಬುದನ್ನು ಗಮನಿಸದೆ, ಬೀಜ ಸರಿಯಿಲ್ಲವೆಂದು ಕೈಬಿಡುವವರೇ ಹೆಚ್ಚು.

ಮೊದಲು ಜಾತಿಯ ಆಯ್ಕೆ. ನರ್ಸರಿಗಳಲ್ಲಿ ಫೌಂಟನ್ ಗ್ರಾಸ್ ಎಂದು ಮಾರುವ ಪೆನಿಸೆಟಮ್, ಅಲಂಕಾರಿಕ ಸಜ್ಜೆ, ಜಪಮಣಿಯಂತಹ ಗಟ್ಟಿ ಕಾಳು ಬಿಡುವ ಕೊಯಿಕ್ಸ್ ಇವೆಲ್ಲ ಬೆಚ್ಚನೆಯ ಹವೆಯ ಹುಲ್ಲುಗಳು; 20ರಿಂದ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಚೆನ್ನಾಗಿ ಮೊಳೆಯುವುದರಿಂದ ಇವನ್ನು ರೋಹಿಣಿ, ಮೃಗಶಿರ ಮಳೆಗಳ ಹೊತ್ತಿಗೆ ಬಿತ್ತಬಹುದು. ಮೃದುವಾದ ಬಿಳಿ ತೆನೆಯ ಲಾಗುರಸ್, ನೀಲಿ ಛಾಯೆಯ ಫೆಸ್ಕ್ಯೂ ತಂಪು ಬಯಸುವವು. ಅವುಗಳ ಬಿತ್ತನೆ ಅಕ್ಟೋಬರ್ ಕೊನೆಯ ಬಳಿಕ ಆಗಬೇಕು. ಫೆಸ್ಕ್ಯೂ ನಮ್ಮ ಏಪ್ರಿಲ್ ತಿಂಗಳನ್ನು ದಾಟುವುದೇ ಕಷ್ಟವಾದ್ದರಿಂದ ಹೊಸಬರು ಅದಕ್ಕೆ ಹಣ ಹಾಕದಿರುವುದು ಒಳ್ಳೆಯದು. ಕೆನ್ನೇರಳೆ ಬಣ್ಣದ ‘ರುಬ್ರಮ್’ ಎಂಬ ಪೆನಿಸೆಟಮ್ ತಳಿಯನ್ನು ಬುಡ ಸೀಳಿ ಬೆಳೆಸುತ್ತಾರೆ, ಬೀಜದಿಂದಲ್ಲ. ಎಲೆಯ ಮೇಲೆ ಬಿಳಿ ಪಟ್ಟೆಯಿರುವ ತಳಿಗಳೂ ಬೀಜದಿಂದ ತಾಯಿಗಿಡದಂತೆ ಬರುವುದಿಲ್ಲ. ಇವುಗಳ ಬೀಜವೆಂದು ಯಾರಾದರೂ ಮಾರಿದರೆ ನಂಬಬಾರದು.

ಕೈ ಪಳಗಿಸಿಕೊಳ್ಳಲು ನವಣೆಗಿಂತ ಒಳ್ಳೆಯ ಹುಲ್ಲು ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಹೊಸದುರ್ಗದ ಕಡೆಯ ಹೊಲಗಳಲ್ಲಿ ಅದರ ಬಾಗಿದ ತೆನೆಗಳನ್ನು ಕಂಡವರಿಗೆ ಅದು ಕುಂಡದಲ್ಲೂ ಎಷ್ಟು ಚೆಲುವಾಗಿರುತ್ತದೆ ಎಂದು ಹೇಳಬೇಕಾಗಿಲ್ಲ. ಅಂಗಡಿಯ ನವಣೆ ಅಕ್ಕಿಯ ಹೊಟ್ಟು ತೆಗೆದಿರುವುದರಿಂದ ಅದು ಬಿತ್ತನೆಗೆ ಬರುವುದಿಲ್ಲ. ರೈತರಿಂದ ಹೊಟ್ಟು ಸಮೇತ ಇರುವ ಕಾಳನ್ನೇ ಕೇಳಿ ಪಡೆಯಬೇಕು.

ಪೆನಿಸೆಟಮ್‌ನಂತಹ ನವಿರು ಕೂದಲಿನ ಬೀಜಗಳಲ್ಲಿ ಅನೇಕವು ಬರೀ ಜೊಳ್ಳಾಗಿರುತ್ತವೆ. ಅಂಗೈಗಳ ನಡುವೆ ಮೆಲ್ಲಗೆ ಉಜ್ಜಿ, ಉಗುರಿನಿಂದ ಒತ್ತಿದರೆ ಒಳಗೆ ಕಾಳಿದೆಯೇ ಎಂಬುದು ತಿಳಿಯುತ್ತದೆ. ಅನೇಕ ಕಾಡುಹುಲ್ಲುಗಳ ಹೊಸ ಬೀಜ ಕೊಯ್ದ ಕೂಡಲೇ ಮೊಳೆಯದು, ಕೆಲವು ತಿಂಗಳು ಒಣ ಜಾಗದಲ್ಲಿ ಇಟ್ಟ ಮೇಲೆಯೇ ಅದರ ಸುಪ್ತಾವಸ್ಥೆ ಕಳೆಯುತ್ತದೆ. ಕೊಯಿಕ್ಸ್‌ನ ಗಟ್ಟಿ ಕಾಳನ್ನು ಮಾತ್ರ ಒಂದು ಹಗಲು ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಬೆರಳಿನ ಒಂದು ಗೆಣ್ಣಿನಷ್ಟು ಆಳಕ್ಕೆ ಊರಬೇಕು.

ತಟ್ಟೆಗೆ ಎರಡು ಪಾಲು ತೆಂಗಿನ ನಾರಿನ ಪುಡಿ, ಒಂದು ಪಾಲು ಜರಡಿ ಹಿಡಿದ ಎರೆಗೊಬ್ಬರ, ಒಂದು ಪಾಲು ಮರಳು ಸಾಕು. ಮರಳಿನ ಬದಲು ಭತ್ತದ ಗಿರಣಿಯ ಸುಟ್ಟ ಕರಿ ಹೊಟ್ಟನ್ನೂ ಬಳಸಬಹುದು, ದಾವಣಗೆರೆಯವರಿಗೆ ಅದು ಸುಲಭವಾಗಿ ಸಿಗುತ್ತದೆ. ಪೂರ್ತಿ ಸುಟ್ಟ ಬಿಳಿ ಬೂದಿ ಕ್ಷಾರವಾದ್ದರಿಂದ ಬೇಡ. ಮಿಶ್ರಣವನ್ನು ಬಿತ್ತುವ ಮೊದಲೇ ಪೂರ್ತಿ ನೆನೆಸಿ, ಹೆಚ್ಚಿನ ನೀರು ಬಸಿದು ಹೋಗಲು ಬಿಡಬೇಕು. ಸಣ್ಣ ಬೀಜವನ್ನು ಒಣ ಮರಳಿನೊಂದಿಗೆ ಬೆರೆಸಿ ಸಾಲಾಗಿ ಉದುರಿಸಬೇಕು, ಏಕೆಂದರೆ ಸಾಲಿನಾಚೆ ಹುಟ್ಟಿದ್ದೆಲ್ಲವನ್ನೂ ಕಳೆಯೆಂದು ನಿಸ್ಸಂಶಯವಾಗಿ ಕೀಳಬಹುದು. ಎಳೆಯ ಹುಲ್ಲಿನ ಸಸಿಗೂ ಕಳೆಗೂ ವ್ಯತ್ಯಾಸ ತಿಳಿಯಲು ಬೇರೆ ಸುಲಭ ದಾರಿಯಿಲ್ಲ. ಮೇಲೆ ಮುಚ್ಚುವ ಪದರ ಮೂರರಿಂದ ಐದು ಮಿಲಿಮೀಟರ್ ದಾಟಬಾರದು. ಅತಿ ಸಣ್ಣ ಬೀಜವನ್ನು ಮುಚ್ಚದೆ ಹಲಗೆಯಿಂದ ಒತ್ತಿದರೆ ಸಾಕು.

ಇನ್ನು ತೇವ ಕಾಯುವುದೇ ಮುಖ್ಯ ಕೆಲಸ. ತಟ್ಟೆಯನ್ನು ಪಶ್ಚಿಮದ ಗಾಳಿಗೆ ಅಡ್ಡವಾಗಿರುವ ಗೋಡೆಯ ಮರೆಯಲ್ಲಿಟ್ಟು, ಬೆಳಕು ಹಾಯುವ ಪ್ಲಾಸ್ಟಿಕ್ ಹಾಳೆಯನ್ನು ಸಡಿಲವಾಗಿ ಹೊದಿಸಿ, ಮೊಳಕೆ ಕಂಡ ದಿನವೇ ಅದನ್ನು ತೆಗೆಯಬೇಕು. ನೀರನ್ನು ಮೇಲಿಂದ ಹೊಯ್ದರೆ ಬೀಜ ಕೊಚ್ಚಿಹೋಗಿ ಮೂಲೆಯಲ್ಲಿ ಗುಂಪುಗೂಡುತ್ತದೆ. ಅದರ ಬದಲು ತಟ್ಟೆಯನ್ನು ನೀರು ತುಂಬಿದ ಅಗಲ ಬೋಗುಣಿಯಲ್ಲಿ ಇಟ್ಟರೆ ತಳದ ತೂತುಗಳಿಂದ ತೇವ ತಾನೇ ಮೇಲೇರುತ್ತದೆ. ನಮ್ಮ ಕೊಳವೆಬಾವಿಗಳ ಗಡಸು ನೀರು ಮೇಲ್ಪದರದಲ್ಲಿ ಉಪ್ಪಿನ ಬಿಳಿ ಪೊರೆ ಉಳಿಸುವುದರಿಂದ, ಸಾಧ್ಯವಾದರೆ ಈ ಹಂತಕ್ಕೆ ಮಳೆನೀರನ್ನೇ ಹಿಡಿದಿಟ್ಟುಕೊಳ್ಳಬೇಕು. ಬೀಜ ಹೊತ್ತೊಯ್ಯುವ ಇರುವೆಗಳನ್ನೂ ಆ ಬೋಗುಣಿಯ ನೀರು ತಡೆಯುತ್ತದೆ. ನವಣೆ, ಸಜ್ಜೆ ಒಂದು ವಾರದೊಳಗೆ ಮೊಳೆಯುತ್ತವೆ. ಪೆನಿಸೆಟಮ್‌ಗೆ ಮೂರು ವಾರದವರೆಗೂ ಕಾಯಬೇಕಾಗಬಹುದು, ಆದ್ದರಿಂದ ಅವಸರದಲ್ಲಿ ತಟ್ಟೆಯನ್ನು ಸುರಿಯಬಾರದು. ಸಸಿಗಳು ಬುಡದಲ್ಲಿ ಕೊಳೆತು ಮಲಗಿದರೆ ಅದು ಶಿಲೀಂಧ್ರದ ಕಾಟ: ನೀರು ಕಡಿಮೆ ಮಾಡಿ, ಗಾಳಿಯಾಡಲು ಬಿಟ್ಟು, ಒತ್ತಾಗಿರುವ ಸಸಿಗಳನ್ನು ತೆಳುಗೊಳಿಸಬೇಕು.

ಮೂರು ನಾಲ್ಕು ಎಲೆ ಬಂದ ಮೇಲೆ ನಾಲ್ಕೈದು ಸಸಿಗಳನ್ನು ಗುಂಪಾಗಿ ಸಣ್ಣ ಕುಂಡಕ್ಕೆ ಕಿತ್ತು ನೆಟ್ಟರೆ ಬುಡ ಬೇಗ ತುಂಬುತ್ತದೆ. ತೆಂಡೆ, ಅಂದರೆ ಬುಡದ ಮರಿಕವಲು, ಒಡೆಯತೊಡಗಿದ ಮೇಲೆ ಪೂರ್ಣ ಬಿಸಿಲಿನ ಜಾಗಕ್ಕೆ ಸಾಗಿಸಬೇಕು. ಕೆಂಪು ಮಣ್ಣಾದರೆ ಹಾಗೆಯೇ ನೆಡಬಹುದು. ಎರೆಮಣ್ಣಿನಲ್ಲಿ ಏರುಮಡಿ ಮಾಡದಿದ್ದರೆ ಸೆಪ್ಟೆಂಬರ್ ಮಳೆಗೆ ಬೇರು ಉಸಿರುಗಟ್ಟುತ್ತದೆ. ಗೊಬ್ಬರ ಮಿತವಾಗಿರಲಿ, ಸಾರಜನಕ ಹೆಚ್ಚಾದರೆ ಹುಲ್ಲು ಗಾಳಿಗೆ ಮಲಗಿಬಿಡುತ್ತದೆ.

ಫೌಂಟನ್ ಗ್ರಾಸ್ ಬೆಳೆಸುವವರು ತೆನೆ ಬಲಿಯುವ ಮುಂಚೆಯೇ ಕೊಯ್ಯುವುದನ್ನು ಕಡ್ಡಾಯವೆಂದು ತಿಳಿಯಬೇಕು. ಹವಾಯಿ ದ್ವೀಪಗಳಲ್ಲಿ ತೋಟಗಳಿಂದ ತಪ್ಪಿಸಿಕೊಂಡ ಈ ಹುಲ್ಲು ಕಾಡುಗಳನ್ನು ಆಕ್ರಮಿಸಿ ಬೆಂಕಿಯ ಅಪಾಯವನ್ನು ಹೆಚ್ಚಿಸಿದೆ; ನಮ್ಮ ಗಾಳಿಗೆ ಅದರ ಬೀಜ ಜೋಗಿಮಟ್ಟಿಯ ಕಾಡಿಗೋ ಚಳ್ಳಕೆರೆಯ ಹುಲ್ಲುಗಾವಲುಗಳಿಗೋ ಹಾರಿ, ಅಲ್ಲಿನ ನಾಡಹುಲ್ಲುಗಳ ಜಾಗ ಕಸಿಯಲು ನಾವು ಅವಕಾಶ ಕೊಡಬಾರದು. ಎಳೆಯ ತೆನೆಗಳನ್ನು ನೆರಳಿನಲ್ಲಿ ತಲೆಕೆಳಗಾಗಿ ಕಟ್ಟಿ ಒಣಗಿಸಿದರೆ ಹೂದಾನಿಗೆ ಒದಗುತ್ತವೆ. ಫೆಬ್ರವರಿಯಲ್ಲಿ ಒಣಗಿದ ಬುಡವನ್ನು ನೆಲದಿಂದ ಒಂದು ಗೇಣು ಬಿಟ್ಟು ಕತ್ತರಿಸಿ, ಮುಂಗಾರಿನವರೆಗೆ ವಾರಕ್ಕೊಮ್ಮೆ ಬುಡ ನೆನೆಯುವಷ್ಟು ನೀರು ಕೊಡಬೇಕು.