ಹೀರೆ ಬಳ್ಳಿಗೆ ಸಂಜೆ ಆರರ ಕೆಲಸ

ಮುಂಬಯಿ ಕಡೆಯ ಮುಲುಂಡ್, ಡೊಂಬಿವಲಿಯ ಫ್ಲ್ಯಾಟುಗಳ ಗ್ರಿಲ್ಲಿಗೆ ಹಬ್ಬಿಸಿದ ಹೀರೆ ಮೈತುಂಬ ಹೂ ಬಿಟ್ಟು ಒಂದೂ ಕಾಯಿ ಕೊಡದಿದ್ದರೆ, ಬಹುಪಾಲು ಗೊಬ್ಬರದ ತಪ್ಪಲ್ಲ. ಎತ್ತರದ ಮಹಡಿಗೆ ಪರಾಗ ಹೊತ್ತು ತರುವವರಿಲ್ಲ, ಅಷ್ಟೆ. ಆ ಕೆಲಸ ಕೈಯಿಂದಲೇ ಆಗುತ್ತದೆ.

ಮೊದಲು ಹೂವಿನ ಬುಡ ನೋಡಿ. ಗಂಡುಹೂಗಳು ಗೊಂಚಲಲ್ಲಿ, ತೆಳ್ಳನೆಯ ತೊಟ್ಟಿನ ಮೇಲಿರುತ್ತವೆ. ಹೆಣ್ಣುಹೂ ಒಂಟಿ, ದಳಗಳ ಕೆಳಗೇ ಏಣುಏಣಾದ ಪುಟ್ಟ ಹೀಚು. ಅದೇ ಅಂಡಾಶಯ. ಶುರುವಿನ ಒಂದೆರಡು ವಾರ ಬರೀ ಗಂಡುಹೂ ಬಂದರೆ ಗಾಬರಿ ಬೇಡ. ಆಮೇಲೂ ಹೆಣ್ಣು ಕಾಣದಿದ್ದರೆ ಯೂರಿಯಾ ನಿಲ್ಲಿಸಿ.

ಇನ್ನು ಹೊತ್ತು, ಎಡವುವುದು ಇಲ್ಲೇ. ಸಿಹಿಗುಂಬಳ, ಸೌತೆ, ಹಾಗಲ ಬೆಳಿಗ್ಗೆ ಅರಳುತ್ತವೆ. ಹೀರೆ, ಸೋರೆ ಸಂಜೆಯವು, ಪತಂಗಗಳನ್ನು ಕರೆಯುವಂಥವು. (ತುಪ್ಪದ ಹೀರೆ ಮಾತ್ರ ಬೆಳಗಿನ ಪಾಳಿ.) ಕಾಫಿ ಕುಡಿದು ಬ್ರಶ್ಶು ಹಿಡಿದು ಹೀರೆಯ ಮುಂದೆ ನಿಂತರೆ ಸಿಗುವುದು ಬಾಡಿದ ಹೂ.

ಸಂಜೆ ಆರರಿಂದ ಏಳೂವರೆಯೊಳಗೆ, ಆಗಷ್ಟೇ ಅರಳಿದ ಗಂಡುಹೂ ಕೀಳಿ. ಕೇಸರ ಮುಟ್ಟಿದರೆ ಬೆರಳಿಗೆ ಹಳದಿ ಹುಡಿ ಅಂಟಬೇಕು. ಇಲ್ಲದಿದ್ದರೆ ಬೇರೆ ಹೂ ಹುಡುಕಿ. ದಳಗಳನ್ನು ಬಿಡಿಸಿ ತೆಗೆದು, ಕೇಸರವನ್ನು ಹೆಣ್ಣುಹೂವಿನ ನಡುವಿನ ಅಂಟಂಟಾದ ಶಲಾಕಾಗ್ರಕ್ಕೆ ಮೆಲ್ಲಗೆ ಸವರಿ. ಅದಕ್ಕೆ ಮೂರು ಹಾಲೆ, ಮೂರಕ್ಕೂ ತಾಗಬೇಕು. ಯಾಕೆಂದರೆ ಒಂದೊಂದು ಬೀಜಕ್ಕೂ ಒಂದೊಂದು ಪರಾಗಕಣ ಬೇಕು. ಕಣ ಮೊಳೆತು, ನಾಳ ಇಳಿಸಿ, ಒಳಗಿನ ಅಂಡಕವನ್ನು, ಅಂದರೆ ಮುಂದೆ ಬೀಜವಾಗುವುದನ್ನು, ಮುಟ್ಟಬೇಕು. ಬೀಜ ಕಟ್ಟದ ಕಡೆ ಕಾಯಿ ಸರಿಯಾಗಿ ಉಬ್ಬದೆ ಸೊಟ್ಟಗಾಗುತ್ತದೆ. ಒಂದು ಹೆಣ್ಣುಹೂವಿಗೆ ಎರಡು ಗಂಡುಹೂ ಬಳಸಿ, ಅವಕ್ಕೇನು ಬರವೇ?

ಮುಂಬಯಿಯಲ್ಲಿ ಮಳೆಯದೇ ಕಾಟ. ನೀರು ತಾಗಿದರೆ ಪರಾಗ ಉಬ್ಬಿ ಒಡೆಯುತ್ತದೆ. ಮೋಡ ಕವಿದ ದಿನ, ಅಂದೇ ಬಿರಿಯಲಿರುವ ಗಂಡುಮೊಗ್ಗುಗಳನ್ನು ಮಧ್ಯಾಹ್ನ ತೊಟ್ಟುಸಮೇತ ಕಿತ್ತು ಒಳಗೆ ಲೋಟದ ನೀರಿನಲ್ಲಿ ನಿಲ್ಲಿಸಿ. ಕೆಲಸ ಮುಗಿದ ಹೆಣ್ಣುಹೂವಿಗೆ ಬೆಳಗಿನವರೆಗೆ ಕಾಗದದ ಟೊಪ್ಪಿ ಹಾಕಿ.

ಮೂರು-ನಾಲ್ಕು ದಿನದಲ್ಲಿ ಹೀಚು ದಪ್ಪಗಾದರೆ ಕಾಯಿ ಕಟ್ಟಿತು. ಹಳದಿಯಾಗಿ ಸುಕ್ಕಿದರೆ ಹೆಚ್ಚಾಗಿ ಪರಾಗ ಸೇರಿಲ್ಲ. ಆದರೆ ಸೂಜಿ ಚುಚ್ಚಿದಂಥ ಗುರುತಿದ್ದು ಅಲ್ಲಿಂದ ಅಂಟು ಒಸರಿದ್ದರೆ ಅದು ಹಣ್ಣುನೊಣದ ಕೆಲಸ. ಕಿತ್ತು ಕವರಿನಲ್ಲಿ ಬಿಗಿಯಾಗಿ ಕಟ್ಟಿ ಎಸೆಯಿರಿ. ಕುಂಡದಲ್ಲಿ ಬಿಟ್ಟರೆ ಹುಳು ಮಣ್ಣಿಗಿಳಿದು ಕೋಶ ಕಟ್ಟುತ್ತದೆ.

ಪಕ್ಕದ ಕುಂಡದ ತೊಂಡೆಗೆ ಈ ಉಪಚಾರ ಯಾವುದೂ ಬೇಡ. ಅದು ಪರಾಗವಿಲ್ಲದೆಯೇ ಕಾಯಿ ಬಿಡುತ್ತದೆ.